ಗಡ್ಡ ಇರಲಿ ಬಿಡಲಿ, ಮಾಸ್ಕ್ ಕೂರುತ್ತಾ ನೋಡಿ

ನಮಸ್ಕಾರ. ಇವತ್ತು ಕೂದಲಿನ ಬಗ್ಗೆ ಮಾತಾಡೋಣ. ಸೇನೆಗೆ ಸೇರಿದವನ ಗಡ್ಡ, ಜುಟ್ಟು, ಪೇಟ. ಇದರಲ್ಲಿ ಯಾವುದನ್ನು ಬಿಟ್ಟು ಬರಬೇಕು, ಯಾವುದನ್ನು ಇಟ್ಟುಕೊಳ್ಳಬಹುದು, ಅದನ್ನು ಹೇಳುವವರು ಯಾರು?

ನಮ್ಮ ಮನೆಯ ಕಥೆಯಿಂದಲೇ ಶುರು ಮಾಡುತ್ತೇನೆ. ನಮ್ಮ ಅಜ್ಜಿಯ ಊರು ಕೊಳ್ಳೇಗಾಲದ ಕಡೆ. ನನ್ನ ಸೋದರಮಾವ ಹೈಸ್ಕೂಲಿನಲ್ಲಿದ್ದಾಗ ಟೈಫಾಯ್ಡ್ ಬಂದು ಉಳಿಯುವುದೇ ಕಷ್ಟ ಅನ್ನುವ ಹಾಗಾಗಿತ್ತಂತೆ. ಅಜ್ಜಿ ಮಾದಪ್ಪನಿಗೆ ಹರಕೆ ಕಟ್ಟಿಕೊಂಡರು. ಮಗ ಎದ್ದು ಓಡಾಡಿದರೆ ಬೆಟ್ಟಕ್ಕೆ ಕರೆದುಕೊಂಡು ಬಂದು ಮುಡಿ ಕೊಡಿಸುತ್ತೇನೆ ಅಂತ. ಮಾವ ಹುಷಾರಾದರು. ಆದರೆ ಹರಕೆ ತೀರಿಸುವುದು ಈ ವರ್ಷ, ಮುಂದಿನ ವರ್ಷ ಅಂತ ಹಾಗೇ ಉಳಿಯಿತು. ಅಷ್ಟರಲ್ಲಿ ಮಾವನಿಗೆ ಮಿಲ್ಟ್ರಿಯಲ್ಲಿ ಕೆಲಸ ಸಿಕ್ಕಿತು.

ತರಬೇತಿಗೆ ಹೋದ ದಿನವೇ ಎಲ್ಲರನ್ನೂ ಸಾಲಾಗಿ ಕೂರಿಸಿದರು. ಮಷೀನು ಹಣೆಯಿಂದ ಹಿಂದಕ್ಕೆ ಹೋಗುತ್ತಿತ್ತು. ಒಬ್ಬೊಬ್ಬರಿಗೆ ಎರಡು ನಿಮಿಷ, ಅಷ್ಟೇ. ಎಲ್ಲರ ಕೂದಲೂ ಸಿಮೆಂಟು ನೆಲದ ಮೇಲೆ ಒಂದೇ ರಾಶಿಯಾಗಿ ಬಿದ್ದಿತ್ತು, ಯಾವುದು ಯಾರದು ಅಂತ ಗೊತ್ತಾಗುತ್ತಿರಲಿಲ್ಲ ಅಂತ ಮಾವ ಇವತ್ತಿಗೂ ಹೇಳುತ್ತಾರೆ. ಅವರು ಬರೆದ ಕಾಗದವನ್ನು ಪಕ್ಕದ ಮನೆಯವರು ಓದಿ ಹೇಳಿದರು. ಆ ರಾತ್ರಿ ಅಜ್ಜಿ ಊಟ ಮಾಡಲಿಲ್ಲ. ದೇವರಿಗೆ ಅಂತ ಬಿಟ್ಟ ಕೂದಲು ಎಲ್ಲೋ ಬಿತ್ತಲ್ಲ ಅನ್ನುವ ಸಂಕಟ.

ಮೊದಲ ರಜೆಯಲ್ಲಿ ಮಾವನನ್ನು ಮಲೆ ಮಹದೇಶ್ವರ ಬೆಟ್ಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ಮುಡಿ ತೆಗೆಯುವವನು ಮಾವನ ತಲೆ ಸವರಿ, "ಇದರಲ್ಲಿ ಏನವ್ವಾ ತೆಗೆಯೋದು?" ಅಂದ. ಅಜ್ಜಿ ಹೇಳಿದ್ದು ಇಷ್ಟೇ: "ಇರೋದ ತೆಗಿಯಪ್ಪ. ಮಾದಪ್ಪ ಏನು ಅಳತೆ ನೋಡಾನಾ?"

ನಮ್ಮ ಕಡೆಯವರಿಗೆ ಕೂದಲು ಬರೀ ಕೂದಲಲ್ಲ ಅನ್ನುವುದನ್ನು ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ? ಮಗುವಿನ ಜವಳ ತೆಗೆಸಲು ಇಡೀ ನೆಂಟರು ಬಸ್ಸು ಮಾಡಿಕೊಂಡು ಹೋಗುತ್ತೇವೆ. ತಿರುಪತಿಗೆ ಹೋಗಿ ತಲೆ ಬೋಳಿಸಿಕೊಂಡು ಬಂದವರನ್ನು ಆಫೀಸಿನಲ್ಲಿ ಯಾರೂ ನಗುವುದಿಲ್ಲ. ಅಯ್ಯಪ್ಪನ ಮಾಲೆ ಹಾಕಿದವರು 41 ದಿನ ಗಡ್ಡ ಬಿಟ್ಟರೆ ಅವರನ್ನು "ಸ್ವಾಮಿ" ಅಂತಲೇ ಕರೆಯುತ್ತೇವೆ. ಗಡ್ಡ, ಕೂದಲಿನ ವಿಷಯ ಬಂದಾಗ ಇದನ್ನು ಮರೆಯದೆ ಮಾತಾಡೋಣ ಅನ್ನುವುದು ನನ್ನ ಕೋರಿಕೆ.

ಮಾವ ಸೇನೆಯನ್ನು ಯಾವತ್ತೂ ದೂರಲಿಲ್ಲ. ನಾನೂ ದೂರುವುದಿಲ್ಲ. ಬೇರೆ ಬೇರೆ ಊರು, ಜಾತಿ, ಭಾಷೆಯ ನೂರು ಹುಡುಗರನ್ನು ಒಂದೇ ದಿನ ಒಂದೇ ಥರ ಮಾಡುವುದರಲ್ಲಿ ಒಂದು ಅರ್ಥ ಇದೆ. ಇವನು ಗೌಡರ ಮಗ, ಅವನು ಕೂಲಿಯವರ ಮಗ ಅನ್ನುವುದು ಆ ಕೂದಲಿನ ರಾಶಿಯಲ್ಲಿ ಕಳೆದುಹೋಗುತ್ತದೆ. ಅದು ಒಳ್ಳೆಯದೇ. ಮಾವನ ಹರಕೆ ಕಾಯಬಹುದಾಗಿತ್ತು, ಕಾಯಿತು. ಆದರೆ ಕೆಲವರ ಹರಕೆ ಕಾಯುವಂಥದ್ದಲ್ಲ. ಅದು ಇಡೀ ಬದುಕಿನದು.

ಬೀದರ್‌ಗೆ ಹೋದವರು ನಾನಕ್ ಝೀರಾ ಗುರುದ್ವಾರ ನೋಡಿರುತ್ತೀರಿ. 1699ರ ವೈಶಾಖಿಯಂದು ಆನಂದಪುರದಲ್ಲಿ ಸಿಖ್ಖರ ಹತ್ತನೇ ಗುರು ಗೋಬಿಂದ್ ಸಿಂಗ್ ಖಾಲ್ಸಾ, ಅಂದರೆ ದೀಕ್ಷೆ ಪಡೆದ ಸಿಖ್ಖರ ಬಳಗ, ಕಟ್ಟಿದಾಗ, ತಲೆ ಕೊಡಲು ಸಿದ್ಧ ಅಂತ ಎದ್ದು ನಿಂತ ಐದು ಜನರಲ್ಲಿ ಒಬ್ಬರು ಬೀದರಿನವರು. ಭಾಯಿ ಸಾಹಿಬ್ ಸಿಂಗ್. ಸಿಖ್ ಪರಂಪರೆಯ ಪ್ರಕಾರ ಅವರದು ಕ್ಷೌರಿಕರ ಮನೆ. ಊರಿನವರ ತಲೆ, ಗಡ್ಡ ಬೋಳಿಸಿ ಅನ್ನ ಕಂಡ ಮನೆಯ ಮಗ, ಇನ್ನು ಕೂದಲಿಗೆ ಕತ್ತರಿ ತಾಕಿಸುವುದಿಲ್ಲ ಅಂತ ದೀಕ್ಷೆ ತೆಗೆದುಕೊಂಡರು. ನಾನು ಇದನ್ನು ಮೊದಲ ಸಲ ಕೇಳಿದಾಗ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಕೂದಲನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಈಗ ಅಲ್ಲಿಂದ ಸುಮಾರು ನೂರು ವರ್ಷ ಮುಂದಕ್ಕೆ ಬರೋಣ. ವೆಲ್ಲೂರು ಕೋಟೆಗೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು, ಮನೆಯವರನ್ನು ಬ್ರಿಟಿಷರು ತಂದು ಇಟ್ಟದ್ದು ಅಲ್ಲೇ. ಕಾವಲಿಗೆ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯದ ಸಿಪಾಯಿಗಳು. ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಆ ಸೈನ್ಯದ ಮುಖ್ಯಸ್ಥ ಸರ್ ಜಾನ್ ಕ್ರಾಡಕ್. ಅವನ ಕಾಲದಲ್ಲಿ ಹೊಸ ನಿಯಮ ಬಂತು. ಪೆರೇಡಿಗೆ ಬರುವಾಗ ಹಣೆಯ ಮೇಲೆ ನಾಮ, ವಿಭೂತಿ ಇರಬಾರದು. ಕಿವಿಯಲ್ಲಿ ಒಂಟಿ ಇರಬಾರದು. ಗಡ್ಡ ಬೋಳಿಸಬೇಕು, ಮೀಸೆ ಎಲ್ಲರದೂ ಒಂದೇ ಥರ ಇರಬೇಕು. ಜೊತೆಗೆ ಹೊಸ ಪೇಟ. ನೋಡಲು ಬಿಳಿಯರ ಟೋಪಿ ಹಾಗೇ ಇತ್ತು, ಅದರ ಮೇಲೊಂದು ಚರ್ಮದ ಬಿಲ್ಲೆ.

ನೀವೇ ಯೋಚಿಸಿ. ಮೇಲಿನಿಂದ ನೋಡುವ ಅಧಿಕಾರಿಗೆ ಇದು ಬಟ್ಟೆಯ ವಿಷಯ. ಸಾಲು ನೇರ ಕಾಣಬೇಕು, ಅಷ್ಟೇ. ಆದರೆ ಸಿಪಾಯಿ ಸಂಜೆ ಮನೆಗೆ ಹೋಗಬೇಕು. ಹಣೆ ಬರಿದಾಗಿದೆ, ಗಡ್ಡ ಹೋಗಿದೆ, ತಲೆಯ ಮೇಲೆ ಚರ್ಮ ಇದೆ. ಮನೆಯವರು, ನೆಂಟರು ಏನು ಅಂದುಕೊಳ್ಳುತ್ತಾರೆ? ಇವನನ್ನು ಕ್ರೈಸ್ತನನ್ನಾಗಿ ಮಾಡುತ್ತಿದ್ದಾರೆ ಅಂತಲೇ ಅಂದುಕೊಳ್ಳುತ್ತಾರೆ. ಆ ಭಯ ಹಬ್ಬಿತು. ಬೇಡ ಅಂದವರಿಗೆ ಚಡಿ ಏಟು ಬಿತ್ತು.

1806ರ ಜುಲೈ 10ರಂದು, ಇನ್ನೂ ಬೆಳಕು ಹರಿಯುವ ಮೊದಲೇ ಸಿಪಾಯಿಗಳು ಕೋಟೆಯನ್ನು ಹಿಡಿದರು. ನೂರಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಸತ್ತರು. ಕೋಟೆಯ ಮೇಲೆ ಟಿಪ್ಪುವಿನ ಬಾವುಟ ಏರಿತು. ಆರ್ಕಾಟ್‌ನಿಂದ ಬ್ರಿಟಿಷ್ ಅಧಿಕಾರಿ ಗಿಲೆಸ್ಪಿ ಕುದುರೆ ಪಡೆಯೊಂದಿಗೆ ಅದೇ ದಿನ ಬಂದು ಕೋಟೆಯನ್ನು ವಾಪಸ್ ತೆಗೆದುಕೊಂಡ. ಆಮೇಲೆ ನಡೆದದ್ದು ಘೋರ. ಸಿಕ್ಕ ಸಿಪಾಯಿಗಳನ್ನು ಗೋಡೆಗೆ ನಿಲ್ಲಿಸಿ ಗುಂಡು ಹೊಡೆದರು. ಸಂಬಳದ ಸಿಟ್ಟು, ಟಿಪ್ಪುವಿನ ಮಕ್ಕಳು ಅಲ್ಲಿದ್ದದ್ದು, ಇವೂ ಕಾರಣಗಳೇ, ಇಲ್ಲ ಅನ್ನುವುದಿಲ್ಲ. ಆದರೆ ಕಿಡಿ ಹತ್ತಿದ್ದು ಪೇಟ, ಗಡ್ಡ, ನಾಮದಿಂದ. ಕಂಪನಿಗೂ ಅದು ಗೊತ್ತಾಯಿತು. ಆ ನಿಯಮವನ್ನು ವಾಪಸ್ ತೆಗೆದುಕೊಂಡರು. ಕ್ರಾಡಕ್‌ನನ್ನೂ, ಮದ್ರಾಸ್ ಗವರ್ನರ್ ಬೆಂಟಿಂಕ್‌ನನ್ನೂ ಲಂಡನ್ನಿಗೆ ವಾಪಸ್ ಕರೆಸಿಕೊಂಡರು.

ಮುಂದಿನದು ಇನ್ನೂ ಗಮನಿಸಬೇಕಾದದ್ದು. ಅದೇ ಬ್ರಿಟಿಷರು ಕೆಲವೇ ದಶಕಗಳ ನಂತರ ಸಿಖ್ ಪಲ್ಟನ್‌ಗಳನ್ನು ಕಟ್ಟಿದಾಗ, ಸಿಖ್ ಸೈನಿಕ ಕೂದಲು ಕತ್ತರಿಸಲೇಬಾರದು, ದೀಕ್ಷೆ ತೆಗೆದುಕೊಂಡಿರಲೇಬೇಕು ಅಂತ ನಿಯಮ ಮಾಡಿದರು. ವೆಲ್ಲೂರಿನಲ್ಲಿ ಶಿಸ್ತಿಗೆ ಅಡ್ಡಿ ಅನ್ನಿಸಿದ್ದು ಪಂಜಾಬಿನಲ್ಲಿ ಶಿಸ್ತಿನ ಬುನಾದಿಯೇ ಆಗಿಹೋಯಿತು. ಹಾಗಾದರೆ ಶಿಸ್ತು ಇರುವುದು ಗಡ್ಡದಲ್ಲಾ, ಗಡ್ಡ ಇಲ್ಲದಿರುವುದರಲ್ಲಾ? ಎರಡರಲ್ಲೂ ಅಲ್ಲ. ಎಲ್ಲರಿಗೂ ಗೊತ್ತಿರುವ, ಎಲ್ಲರೂ ಒಪ್ಪಿರುವ ಒಂದು ಕಟ್ಟು ಇದ್ದರೆ ಸಾಕು. ಅದು ಯಾವ ಆಕಾರದಲ್ಲಿದ್ದರೂ ಸೇನೆ ನಡೆಯುತ್ತದೆ.

ನಮ್ಮ ಸೇನೆಯೇ ಇದಕ್ಕೆ ಸಾಕ್ಷಿ. ವಾಯುಪಡೆಗೆ ಇಲ್ಲಿಯ ತನಕ ಸಿಕ್ಕಿರುವುದು ಒಂದೇ ಪರಮವೀರ ಚಕ್ರ. 1971ರ ಡಿಸೆಂಬರ್ 14ರಂದು ಶ್ರೀನಗರದ ಆಕಾಶದಲ್ಲಿ ಪ್ರಾಣ ಕೊಟ್ಟ ನಿರ್ಮಲ್‌ಜಿತ್ ಸಿಂಗ್ ಸೆಖೋಂ ಅವರದು. ಫೋಟೋ ನೋಡಿ. ಪೇಟ ಇದೆ, ಗಡ್ಡ ಇದೆ. ವಾಯುಪಡೆಯ ಏಕೈಕ ಮಾರ್ಷಲ್ ಅರ್ಜನ್ ಸಿಂಗ್, ಅವರಿಗೂ ಗಡ್ಡ ಇತ್ತು. ನೌಕಾಪಡೆಯಲ್ಲಂತೂ ಯಾವ ಧರ್ಮದವರಾದರೂ ಅನುಮತಿ ತೆಗೆದುಕೊಂಡು ನೀಟಾಗಿ ಗಡ್ಡ ಬಿಡಬಹುದು. ಇದರಿಂದ ಹಡಗೇನೂ ದಾರಿ ತಪ್ಪಿಲ್ಲ.

ಹೀಗಿರುವಾಗ 2016ರ ತೀರ್ಪು ನನಗೆ ಇವತ್ತಿಗೂ ಸರಿಹೋಗುವುದಿಲ್ಲ. ಗೌರವದಿಂದಲೇ ಹೇಳುತ್ತಿದ್ದೇನೆ. ವಾಯುಪಡೆಯ ಒಬ್ಬ ಮುಸ್ಲಿಂ ಏರ್‌ಮನ್ ಗಡ್ಡ ಬಿಡಲು ಅನುಮತಿ ಕೇಳಿದ್ದರು. ಸಿಗಲಿಲ್ಲ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನಲ್ಲಿ ಸೋತರು. ಸುಪ್ರೀಂ ಕೋರ್ಟಿಗೆ ಬಂದರು. ಅಲ್ಲಿಗೆ ಇನ್ನೊಬ್ಬ ಏರ್‌ಮನ್ ಅರ್ಜಿಯೂ ಸೇರಿಕೊಂಡಿತು, ಗಡ್ಡದ ಕಾರಣಕ್ಕೆ ಕೆಲಸವನ್ನೇ ಕಳೆದುಕೊಂಡವರು ಅವರು. 2016ರ ಡಿಸೆಂಬರ್ 15ರಂದು ಮುಖ್ಯ ನ್ಯಾಯಮೂರ್ತಿ ಟಿ.ಎಸ್. ಠಾಕೂರ್ ಅವರಿದ್ದ ಮೂವರ ಪೀಠ ವಾಯುಪಡೆಯ ಪರವಾಗಿ ತೀರ್ಪು ಕೊಟ್ಟಿತು. ತೀರ್ಪು ಬರೆದವರು ನ್ಯಾಯಮೂರ್ತಿ ಚಂದ್ರಚೂಡ್.

ಇಡೀ ಕೇಸು ನಿಂತದ್ದು ವಾಯುಪಡೆಯ ನಿಯಮ 425ರ ಮೇಲೆ. ಅದರ ಅರ್ಥ ಇಷ್ಟು: ಯಾವ ಧರ್ಮ ಕೂದಲು ಕತ್ತರಿಸುವುದನ್ನು, ಮುಖ ಬೋಳಿಸುವುದನ್ನು ನಿಷೇಧಿಸುತ್ತದೋ ಆ ಧರ್ಮದವರು ಕೂದಲು, ಗಡ್ಡ ಇಟ್ಟುಕೊಳ್ಳಬಹುದು. ಕೋರ್ಟು ಏರ್‌ಮನ್ ಪರ ವಕೀಲರನ್ನು ಕೇಳಿತು, ಇಸ್ಲಾಂ ಇದನ್ನು ನಿಷೇಧಿಸುತ್ತದಾ ಅಂತ. ವಕೀಲರು ಪ್ರಾಮಾಣಿಕವಾಗಿ ಉತ್ತರ ಕೊಟ್ಟರು, ಇದರಲ್ಲಿ ಬೇರೆ ಬೇರೆ ಅಭಿಪ್ರಾಯ ಇದೆ, ಗಡ್ಡ ಇದ್ದರೆ ಒಳ್ಳೆಯದು ಅನ್ನುವುದು ಅದರಲ್ಲಿ ಒಂದು ಅಂತ. ಅಲ್ಲಿಗೆ ನಿಯಮ 425ರ ಬಾಗಿಲು ಮುಚ್ಚಿತು. ಸೇನೆಗೆ ಒಗ್ಗಟ್ಟು, ಶಿಸ್ತು ಬೇಕು, ಅದಕ್ಕಾಗಿ ಇಂಥ ನಿಯಮ ಇರಬಹುದು ಅಂತ ಕೋರ್ಟು ಹೇಳಿತು. ಸೈನಿಕರ ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕು ಮಾಡಬಹುದು ಅಂತ ನಮ್ಮ ಸಂವಿಧಾನದ 33ನೇ ವಿಧಿಯೇ ಹೇಳುತ್ತದೆ. ಹಾಗಾಗಿ ತೀರ್ಪು ಕಾನೂನಿನ ಲೆಕ್ಕದಲ್ಲಿ ಅಲ್ಲಾಡುವುದಿಲ್ಲ. ನನ್ನ ತಕರಾರು ಇರುವುದು ನಿಯಮದ ಬಗ್ಗೆ.

ಯಾಕೆ ಅಂತ ಹೇಳುತ್ತೇನೆ. ಅದೇ ವಾಯುಪಡೆಯಲ್ಲಿ 2003ರಲ್ಲಿ ಇನ್ನೊಂದು ನೀತಿ ಬಂದಿತ್ತು. 2002ರ ಜನವರಿ 1ಕ್ಕಿಂತ ಮೊದಲು, ಗಡ್ಡ ಇಟ್ಟುಕೊಂಡೇ ಸೇರಿದ ಮುಸ್ಲಿಮರು ಗಡ್ಡ ಉಳಿಸಿಕೊಳ್ಳಬಹುದು. ಉಳಿದವರು ಇಲ್ಲ. ಒಂದೇ ಹ್ಯಾಂಗರ್‌ನಲ್ಲಿ ಮೂವರು ಕೆಲಸ ಮಾಡುತ್ತಿದ್ದಾರೆ ಅಂದುಕೊಳ್ಳಿ. ಒಬ್ಬರು ಸಿಖ್, ಗಡ್ಡ ಇದೆ. ಇನ್ನೊಬ್ಬರು ಹಳೆಯ ಮುಸ್ಲಿಂ ಏರ್‌ಮನ್, ಗಡ್ಡ ಇದೆ. ಮೂರನೆಯವರು ಆಮೇಲೆ ಸೇರಿದವರು, ಗಡ್ಡ ಬಿಟ್ಟರೆ ಮನೆಗೆ. ಮೂವರೂ ಅದೇ ಸ್ಪ್ಯಾನರ್ ಹಿಡಿದು ಅದೇ ಎಂಜಿನ್ ಬಿಚ್ಚುತ್ತಾರೆ. ಇಲ್ಲಿ ಒಗ್ಗಟ್ಟು ಕೆಡಿಸುತ್ತಿರುವುದು ಮೂರನೆಯವರ ಗಡ್ಡವಾ, ಸೇರಿದ ತಾರೀಖಾ?

ಇನ್ನೊಂದು ನೋವು ಇದೆ. "ನಿನ್ನ ಧರ್ಮದಲ್ಲಿ ಇದು ಕಡ್ಡಾಯವಾ?" ಈ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. 2022ರಲ್ಲಿ ಹಿಜಾಬ್ ಕೇಸಿನಲ್ಲಿ ನಮ್ಮ ಹೈಕೋರ್ಟು ಇದೇ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿ ಬಂತು. ಆ ಕೇಸಿನ ಬಗ್ಗೆ ನಿಮ್ಮ ನಿಲುವು ಏನೇ ಇರಲಿ, ಯಾವ ಆಚರಣೆ ಕಡ್ಡಾಯ, ಯಾವುದು ಬರೀ ಒಳ್ಳೆಯದು ಅಂತ ಜಡ್ಜುಗಳು ಗ್ರಂಥ ತೆಗೆದು ತೂಗುವುದು ನೋಡಲು ಕಷ್ಟ ಆಗುತ್ತದೆ. ನಮ್ಮ ಅಜ್ಜಿಯ ಹರಕೆ ಯಾವ ಗ್ರಂಥದಲ್ಲಿ ಬರೆದಿತ್ತು? ಎಲ್ಲೂ ಇಲ್ಲ. ಆದರೂ ಅದು ಅವರ ಊಟ ಬಿಡಿಸುವಷ್ಟು ನಿಜವಾಗಿತ್ತು.

ಹಾಗಾದರೆ ಯಾರು ಏನು ಬೇಕಾದರೂ ಬಿಟ್ಟುಕೊಳ್ಳಲಾ? ಇಲ್ಲ. ಸೇನೆಯ ಕಡೆಗೆ ಒಂದು ಗಟ್ಟಿ ವಾದ ಇದೆ, ಅದರ ಮೇಲೆ ನನಗೆ ಪೂರ್ತಿ ಗೌರವ ಇದೆ. ಅದು ಗ್ಯಾಸ್ ಮಾಸ್ಕ್.

ಗ್ಯಾಸ್ ಮಾಸ್ಕ್ ಕೆಲಸ ಮಾಡುವುದು ಅಂಚಿನಲ್ಲಿ. ಹಣೆಯಿಂದ ಕೆನ್ನೆ ಮೇಲೆ ಇಳಿದು ಗದ್ದದ ಕೆಳಗಿನ ತನಕ ರಬ್ಬರು ಚರ್ಮಕ್ಕೆ ಬಿಗಿಯಾಗಿ ಅಂಟಿಕೊಳ್ಳಬೇಕು. ಉಸಿರು ಎಳೆದಾಗ ಗಾಳಿ ಫಿಲ್ಟರಿನ ಮೂಲಕವೇ ಬರಬೇಕು. ಮಧ್ಯೆ ಕೂದಲಿದ್ದರೆ ಸಂದಿ ಆಗುತ್ತದೆ. ವಿಷದ ಗಾಳಿಗೆ ಅಷ್ಟು ಸಂದಿ ಸಾಕು. ಸೋರುವ ಮಾಸ್ಕ್ ಹಾಕಿದವನು ತಾನು ಸಾಯುವುದಲ್ಲದೆ, ಅವನನ್ನು ಎಳೆದುಕೊಂಡು ಬರಲು ಹೋದವನನ್ನೂ ಅಪಾಯಕ್ಕೆ ಸಿಕ್ಕಿಸುತ್ತಾನೆ. ಇಲ್ಲಿ ಧರ್ಮದ ಮಾತು ನಡೆಯುವುದಿಲ್ಲ. ಸರಿ.

ಆದರೆ ಇದರಲ್ಲೇ ಒಂದು ಅನುಕೂಲವೂ ಇದೆ. ಇದನ್ನು ಅಳೆಯಬಹುದು. ಅಮೆರಿಕದಲ್ಲಿ ಏನಾಯಿತು ನೋಡಿ. ಅಲ್ಲಿನ ಸೇನೆ 1981ರಿಂದ ಸಿಖ್ಖರಿಗೆ ಬಾಗಿಲು ಹಾಕಿತ್ತು. ಮೊದಲ ಮಹಾಯುದ್ಧದ ಕಾಲದಲ್ಲೇ ಭಗತ್ ಸಿಂಗ್ ಥಿಂಡ್ ಪೇಟ ಕಟ್ಟಿಕೊಂಡು ಅಮೆರಿಕದ ಸೈನ್ಯದಲ್ಲಿದ್ದರೂ ಈ ಗತಿ. 2009ರಲ್ಲಿ ಡಾಕ್ಟರ್ ಕಮಲ್‌ಜೀತ್ ಸಿಂಗ್ ಕಾಲ್ಸಿ, ಅದರ ಬೆನ್ನಲ್ಲೇ ದಂತವೈದ್ಯ ತೇಜ್‌ದೀಪ್ ಸಿಂಗ್ ರತನ್ ವಿಶೇಷ ಅನುಮತಿ ಪಡೆದು ಒಳಗೆ ಬಂದರು. ಗಡ್ಡದ ಮೇಲೆ ಮಾಸ್ಕ್ ಕೂರಲ್ಲ ಅನ್ನುವುದೇ ದೊಡ್ಡ ಆಕ್ಷೇಪ. ರತನ್ ಮಾಸ್ಕ್ ಹಾಕಿ ತೋರಿಸಿದರು. ಬಿಗಿಯಾಗಿ ಕೂತಿತು.

ಆಮೇಲೆ ಕ್ಯಾಪ್ಟನ್ ಸಿಮ್ರತ್‌ಪಾಲ್ ಸಿಂಗ್. ಅವರದು ನನ್ನನ್ನು ಬಹಳ ತಟ್ಟಿದ ಕಥೆ. ಸೇನಾಧಿಕಾರಿಗಳನ್ನು ತಯಾರು ಮಾಡುವ ವೆಸ್ಟ್ ಪಾಯಿಂಟ್ ಅಕಾಡೆಮಿಗೆ ಸೇರಿದ ದಿನ, ಬೇರೆ ದಾರಿ ಕಾಣದೆ ಕೂದಲು ಕತ್ತರಿಸಿಕೊಂಡರು, ಗಡ್ಡ ತೆಗೆಸಿದರು. ಹತ್ತು ವರ್ಷದ ಹತ್ತಿರ ಹಾಗೇ ಸೇವೆ ಮಾಡಿದರು. ರೇಂಜರ್ ತರಬೇತಿ ಮುಗಿಸಿದರು, ಅಫ್ಘಾನಿಸ್ತಾನದಲ್ಲಿ ಕೆಲಸ ಮಾಡಿ ಬ್ರಾಂಜ್ ಸ್ಟಾರ್ ಪದಕ ತಂದರು. ಆಮೇಲೆ ಕೇಳಿದರು, ಈಗಲಾದರೂ ನನ್ನ ಪೇಟ ಕಟ್ಟಿಕೊಳ್ಳಲಾ ಅಂತ. ಸೇನೆ ಅವರೊಬ್ಬರಿಗೇ ಹೆಲ್ಮೆಟ್, ಮಾಸ್ಕ್‌ನ ವಿಶೇಷ ಪರೀಕ್ಷೆ ಇಟ್ಟಿತು. ಅವರು ಕೋರ್ಟಿಗೆ ಹೋದರು. ಅಲ್ಲಿ ಹೊರಬಂದ ಲೆಕ್ಕ ಕೇಳಿ: ಚರ್ಮದ ತೊಂದರೆ ಅಂತ ವೈದ್ಯರ ಚೀಟಿ ಇದ್ದ ಒಂದು ಲಕ್ಷಕ್ಕೂ ಹೆಚ್ಚು ಸೈನಿಕರಿಗೆ ಅದೇ ಸೇನೆ ಗಡ್ಡ ಬಿಡಲು ಒಪ್ಪಿತ್ತು. ಅವರಿಗೆ ಇಂಥ ಪರೀಕ್ಷೆ ಇರಲಿಲ್ಲ. ನ್ಯಾಯಾಧೀಶೆ ಬೆರಿಲ್ ಹೋವೆಲ್ ಆ ಪರೀಕ್ಷೆಯನ್ನು ತಡೆದರು. 2016ರ ಮಾರ್ಚ್ ಕೊನೆಗೆ ಅನುಮತಿ ಸಿಕ್ಕಿತು. 2017ರಲ್ಲಿ ಸೇನೆ ನಿಯಮವನ್ನೇ ಸಡಿಲ ಮಾಡಿತು.

ಇಲ್ಲಿ ನನ್ನ ಮಾತು ಸ್ಪಷ್ಟ ಇರಲಿ. ಮಾಸ್ಕ್ ಪರೀಕ್ಷೆ ತಪ್ಪಲ್ಲ, ಅದು ಬೇಕೇ ಬೇಕು. ಒಬ್ಬನಿಗೆ ಮಾತ್ರ ಇಟ್ಟದ್ದು ತಪ್ಪು. ಚರ್ಮದ ತೊಂದರೆಯ ಗಡ್ಡವಾಗಲಿ, ದೇವರ ಗಡ್ಡವಾಗಲಿ, ರಬ್ಬರಿನ ಕೆಳಗೆ ಎರಡೂ ಒಂದೇ.

ಈಗ ಅಲ್ಲಿ ಗಾಳಿ ಮತ್ತೆ ತಿರುಗಿದೆ. 2025ರ ಸೆಪ್ಟೆಂಬರ್ 30ರಂದು ಅಮೆರಿಕದ ರಕ್ಷಣಾ ಸಚಿವ ಪೀಟ್ ಹೆಗ್ಸೆತ್ ವರ್ಜೀನಿಯಾದ ಕ್ವಾಂಟಿಕೋದಲ್ಲಿ ಜನರಲ್‌ಗಳನ್ನೆಲ್ಲ ಸೇರಿಸಿ, ಗಡ್ಡದವರ ಕಾಲ ಮುಗಿಯಿತು ಅನ್ನುವ ಅರ್ಥದ ಭಾಷಣ ಮಾಡಿದರು. 2010ಕ್ಕಿಂತ ಹಿಂದಿನ ಕಟ್ಟಿಗೆ ವಾಪಸ್ ಹೋಗಬೇಕು, ಗಡ್ಡದ ವಿನಾಯಿತಿ ಸಾಮಾನ್ಯವಾಗಿ ಇರುವುದಿಲ್ಲ ಅಂತ ಆದೇಶ ಹೊರಟಿತು. ಸಿಖ್ಖರು, ಮುಸ್ಲಿಮರು, ಯಹೂದಿಗಳು ಎಲ್ಲರಿಗೂ ಆತಂಕ. ಕ್ಷೌರ ಮಾಡಿದರೆ ಮುಖದ ತುಂಬ ಗುಳ್ಳೆ ಏಳುವ ಕಪ್ಪು ಸೈನಿಕರಿಗೂ ಆತಂಕ, ಏಕೆಂದರೆ ಆ ಚರ್ಮದ ತೊಂದರೆ ಜಾಸ್ತಿ ಇರುವುದು ಅವರಲ್ಲೇ. ವರ್ಷ ವರ್ಷ ಚೆನ್ನಾಗಿ ಕೆಲಸ ಮಾಡಿ ತೋರಿಸಿದವರನ್ನು ಮತ್ತೆ ಬಾಗಿಲ ಹತ್ತಿರ ನಿಲ್ಲಿಸುವುದು ಅನ್ಯಾಯ. ಅದಕ್ಕೆ ಬೇರೆ ಮಾತು ನನಗೆ ಗೊತ್ತಿಲ್ಲ. ಇದೇ ಹೊತ್ತಿಗೆ ಬ್ರಿಟನ್ ಉಲ್ಟಾ ದಿಕ್ಕಿಗೆ ಹೋಗಿದೆ. 2024ರ ಮಾರ್ಚ್‌ನಲ್ಲಿ ಅಲ್ಲಿನ ಸೇನೆ ಎಲ್ಲ ಸೈನಿಕರಿಗೂ ಗಡ್ಡಕ್ಕೆ ಒಪ್ಪಿಗೆ ಕೊಟ್ಟಿತು. ಉದ್ದಕ್ಕೆ ಒಂದು ಮಿತಿ ಇದೆ, ಮಾಸ್ಕ್ ಬೇಕಾದ ಕೆಲಸ ಬಂದರೆ ತೆಗೆಯಬೇಕು.

ಸಿಖ್ಖರ ವಿಷಯದಲ್ಲಿ ನಾವು ಎಲ್ಲವನ್ನೂ ಬಗೆಹರಿಸಿಬಿಟ್ಟಿದ್ದೇವೆ ಅಂತಲೂ ಅಲ್ಲ. 2023ರ ಜನವರಿಯಲ್ಲಿ ನಮ್ಮ ಸೇನೆ ಸಿಖ್ ಸೈನಿಕರಿಗಾಗಿ 12,730 ಗುಂಡುನಿರೋಧಕ ಹೆಲ್ಮೆಟ್ ಕೊಳ್ಳಲು ಹೊರಟಿತು. ತಲೆಯ ಮೇಲಿನ ಕೂದಲ ಗಂಟಿಗೆ ಜಾಗ ಬಿಟ್ಟು ಮಾಡುವಂಥ ಹೆಲ್ಮೆಟ್. ಸಿಖ್ಖರ ಅತಿ ದೊಡ್ಡ ಧರ್ಮಪೀಠ ಅಕಾಲ್ ತಖ್ತ್, ಗುರುದ್ವಾರಗಳನ್ನು ನೋಡಿಕೊಳ್ಳುವ ಸಮಿತಿ ಎರಡೂ ವಿರೋಧಿಸಿದವು, ಪೇಟದ ಜಾಗದಲ್ಲಿ ಟೋಪಿ ಬರಬಾರದು ಅಂತ. ನನಗೆ ಆ ವಿರೋಧ ಅರ್ಥ ಆಗುತ್ತದೆ. ಆದರೆ ಗುಂಡು ಪೇಟ ನೋಡುವುದಿಲ್ಲ. ಮಗನನ್ನು ಗಡಿಗೆ ಕಳಿಸಿದ ತಾಯಿಯ ಜಾಗದಲ್ಲಿ ನಿಂತರೆ, ತಲೆಗೆ ಬಿಗಿಯಾಗಿ ಕಟ್ಟುವ ಸಣ್ಣ ಬಟ್ಟೆಯಾದ ಪಟ್ಕದ ಮೇಲೆ ಕೂರುವ ಹೆಲ್ಮೆಟ್ ಬೇಕೇ ಬೇಕು ಅನ್ನುತ್ತೇನೆ. ಸೇನೆ ಕೂದಲು ಕತ್ತರಿಸು ಅನ್ನದೆ, ಕೂದಲಿಗೆ ತಕ್ಕ ಹೆಲ್ಮೆಟ್ ಹುಡುಕಿತಲ್ಲ, ಅದು ಸರಿಯಾದ ದಾರಿ.

ನನ್ನ ಕೈಯಲ್ಲಿದ್ದರೆ ನಿಯಮ 425ರಲ್ಲಿ "ಧರ್ಮ ನಿಷೇಧಿಸುವ" ಅನ್ನುವ ಮಾತನ್ನೇ ತೆಗೆಯುತ್ತಿದ್ದೆ. ಆ ಜಾಗದಲ್ಲಿ ಇಷ್ಟು ಬರೆಯುತ್ತಿದ್ದೆ: ನಂಬಿಕೆಯಿಂದ ಗಡ್ಡ ಅಥವಾ ಕೂದಲು ಇಟ್ಟುಕೊಳ್ಳುವವರು ಅದನ್ನು ಕಟ್ಟಿ, ಬಾಚಿ ನೀಟಾಗಿ ಇಟ್ಟುಕೊಳ್ಳಬೇಕು. ವರ್ಷಕ್ಕೊಂದು ಸಲ ಎಲ್ಲರ ಜೊತೆಗೇ ಮಾಸ್ಕ್ ಪರೀಕ್ಷೆಗೆ ಕೂರಬೇಕು. ಗಾಳಿ ಸೋರಿದರೆ, ಮಾಸ್ಕ್ ಬೇಕಾದ ಕೆಲಸದಿಂದ ಅವರನ್ನು ಬೇರೆ ಕೆಲಸಕ್ಕೆ ಹಾಕಬೇಕು. ಸೋರದಿದ್ದರೆ ಅವರನ್ನು ಮತ್ತೆ ಯಾರೂ ಕೇಳಬಾರದು. ಸಿಖ್ಖರಾಗಲಿ, ಮುಸ್ಲಿಮರಾಗಲಿ, ಹರಕೆ ಹೊತ್ತ ಕೊಳ್ಳೇಗಾಲದ ಹುಡುಗನಾಗಲಿ.

ಈ ಮಾತನ್ನು ಮಾವನಿಗೂ ಹೇಳಿದೆ. ಅವರು ನಿವೃತ್ತಿಯಾಗಿ ಬಹಳ ವರ್ಷ ಆಯಿತು. ಒಪ್ಪಲಿಲ್ಲ. "ಪರೀಕ್ಷೆ ಎಲ್ಲ ಸರಿ ಕಣಪ್ಪ, ರಾತ್ರಿ ಎರಡು ಗಂಟೆಗೆ ಸೈರನ್ ಹೊಡೆದಾಗ ಕತ್ತಲಲ್ಲಿ ಮಾಸ್ಕ್ ಹಾಕಬೇಕಲ್ಲ" ಅಂದರು. ಹಾಗಾದರೆ ಪರೀಕ್ಷೆಯನ್ನೂ ರಾತ್ರಿ ಎರಡು ಗಂಟೆಗೆ, ಕತ್ತಲಲ್ಲೇ ಇಡೋಣ ಮಾವ, ಎಲ್ಲರಿಗೂ, ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ಸರಿ" ಅಂದರು.

ನಿಮ್ಮಲ್ಲಿ ಯಾರಾದರೂ ಸೇನೆಯಲ್ಲಿದ್ದವರು, ಆ ಮಾಸ್ಕ್ ಹಾಕಿ ಗ್ಯಾಸ್ ಕೋಣೆಯೊಳಗೆ ನಿಂತವರು ಇದ್ದರೆ, ಹೇಗಿತ್ತು ಅಂತ ನನಗೆ ಬರೆದು ಕಳಿಸಿ. ಮುಂದಿನ ಸಲ ಓದುತ್ತೇನೆ.